ಕಣ್ಣು ಮುಚ್ಚಿ ಕೇಳಿದಾಗ: ದುಬಾರಿ ಹೆಡ್‌ಫೋನ್‌ಗಳ ನೂರು ವರ್ಷದ ಕಥೆ

ಮೊದಲು ಒಂದು ಪ್ರಶ್ನೆ. ಈ ಸಂಚಿಕೆಯನ್ನ ನೀವು ಯಾವುದರಲ್ಲಿ ಕೇಳ್ತಿದ್ದೀರಿ? ವೈರ್ ಇರೋ ಇಯರ್‌ಫೋನಾ, ಬ್ಲೂಟೂತ್ ಬಡ್ಸಾ, ಇಲ್ಲಾ ತಲೆ ಮೇಲೆ ಕೂರೋ ದೊಡ್ಡ ಹೆಡ್‌ಫೋನಾ? ಯಾವುದೇ ಇರಲಿ, ವಾಲ್ಯೂಮ್ ಎಷ್ಟಿದೆ ಅಂತ ಒಂದ್ಸಲ ನೋಡಿಟ್ಟುಕೊಳ್ಳಿ. ಆಮೇಲೆ ಬೇಕಾಗತ್ತೆ.

ಎರಡು ವರ್ಷದ ಹಿಂದೆ ನಾನು 38 ಸಾವಿರ ರೂಪಾಯಿ ಕೊಟ್ಟು ಒಂದು ಹೆಡ್‌ಫೋನ್ ತಗೊಂಡೆ. ಇಎಂಐನಲ್ಲಿ. ಮನೇಲಿ ಮೂರು ಸಾವಿರ ಅಂತ ಹೇಳಿದ್ದೆ. (ಅಪ್ಪ ಪಾಡ್‌ಕಾಸ್ಟ್ ಕೇಳಲ್ಲ ಅನ್ನೋ ಧೈರ್ಯದ ಮೇಲೆ ಇದನ್ನ ಹೇಳ್ತಿದ್ದೀನಿ.) ನನ್ನ ರೂಮ್‌ಮೇಟ್ ಹತ್ರ ಎರಡು ಸಾವಿರದ್ದೊಂದಿತ್ತು. "ಅದಕ್ಕೂ ಇದಕ್ಕೂ ಅಜಗಜಾಂತರ ಕಣೋ" ಅಂತ ನಾನು. "ಹಾಗಾದ್ರೆ ಕಣ್ಣಿಗೆ ಬಟ್ಟೆ ಕಟ್ಕೋ" ಅಂತ ಅವನು. ಒಂದಾದ ಮೇಲೊಂದು ಹತ್ತು ಸಲ ತಲೆಗೆ ಹಾಕಿದ. ಹತ್ತೂ ಸಲ ಯಾವುದು ನನ್ನದು ಅಂತ ಸರಿಯಾಗಿ ಹೇಳಿದೆ. ಬೀಗ್ತಾ ಬಟ್ಟೆ ಬಿಚ್ಚಿದರೆ ಅವನು ನಗ್ತಿದ್ದಾನೆ. ಕೊನೇ ಮೂರು ಸಲ ಹಾಡು ಶುರುವಾಗೋ ಮುಂಚೆನೇ ನಾನು ಉತ್ತರ ಹೇಳಿಬಿಟ್ಟಿದ್ದೆ! "ನೀನು ಕೇಳಿ ಹೇಳ್ತಿಲ್ಲ, ತೂಕ ನೋಡಿ ಹೇಳ್ತಿದ್ದೀಯ" ಅಂದ.

ಆ ಮಾತು ನನ್ನನ್ನ ಬಿಡಲಿಲ್ಲ. ಹಾಗಿದ್ರೆ ಒಂದು ಹೆಡ್‌ಫೋನ್ ಇನ್ನೊಂದಕ್ಕಿಂತ ಚೆನ್ನಾಗಿದೆ ಅಂತ ಜನ ಇಷ್ಟು ವರ್ಷ ಹೇಗೆ ತೀರ್ಮಾನ ಮಾಡ್ತಾ ಬಂದರು? ಇವತ್ತಿನ ಕಥೆ ಅದೇ.

ಶುರುವಿನಲ್ಲಿ ಈ ಹೋಲಿಕೆ ಬಹಳ ಸುಲಭವಾಗಿತ್ತು. 1910ರ ಸುಮಾರಿಗೆ ಅಮೆರಿಕದ ನೌಕಾಪಡೆಗೆ ಒಂದು ವಿಚಿತ್ರ ಪತ್ರ ಬಂತು. ನೀಲಿ-ಗುಲಾಬಿ ಕಾಗದ, ನೇರಳೆ ಶಾಯಿ. ಬರೆದವನು ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್ವಿನ್. ತಾನು ಮಾಡಿದ ಇಯರ್‌ಫೋನನ್ನ ಒಮ್ಮೆ ಪರೀಕ್ಷೆ ಮಾಡಿ ನೋಡಿ ಅಂತ ಕೇಳಿದ್ದ. ಪರೀಕ್ಷೆ ಮಾಡಿದರೆ, ನೌಕಾಪಡೆ ಆಗ ಬಳಸ್ತಿದ್ದವುಗಳಿಗಿಂತ ಎಷ್ಟೋ ಮೇಲು. ಸರಿ, ಇನ್ನಷ್ಟು ಕಳಿಸು ಅಂದರು. ಒಂದು ಸಲಕ್ಕೆ ಹತ್ತಕ್ಕಿಂತ ಜಾಸ್ತಿ ಆಗಲ್ಲ ಅಂತ ಅವನಿಂದ ಉತ್ತರ ಬಂತು. ಯಾಕಂದ್ರೆ ಅವನು ಅದನ್ನ ಮಾಡ್ತಿದ್ದದ್ದು ಮನೆಯ ಅಡುಗೆಮನೆಯಲ್ಲಿ.

ಆ ಕಾಲಕ್ಕೆ "ಚೆನ್ನಾಗಿದೆ" ಅನ್ನೋದಕ್ಕೆ ಒಂದೇ ಅರ್ಥ. ದೂರದ ಹಡಗಿನಿಂದ ಬರೋ ಕ್ಷೀಣವಾದ ಮೋರ್ಸ್ ಸದ್ದು ಇದರಲ್ಲಿ ಕೇಳಿಸತ್ತಾ, ಇಲ್ವಾ? ಕೇಳಿಸಿದರೆ ಪಾಸು. ಮಧುರವಾಗಿದೆಯಾ, ಇಂಪಾಗಿದೆಯಾ ಅಂತ ಯಾರೂ ಕೇಳ್ತಿರಲಿಲ್ಲ.

1937ರಲ್ಲಿ ಬರ್ಲಿನ್‌ನ ಯೂಜೆನ್ ಬೇಯರ್ ಅವರ ಕಂಪನಿ ಡಿಟಿ 48 ಅನ್ನೋ ಹೆಡ್‌ಫೋನ್ ತಂದಿತು. ಸ್ಪೀಕರ್‌ನಲ್ಲಿ ಇರೋ ಸುರುಳಿ, ಅಯಸ್ಕಾಂತ, ನಡುಗೋ ಪರದೆ, ಇವನ್ನೇ ಕಿವಿಯ ಅಳತೆಗೆ ಇಳಿಸಿದ್ದು. ಈಗ ನಿಮ್ಮ ಕಿವಿಯಲ್ಲಿ ಇರೋದೂ ಬಹುಶಃ ಇದೇ ಜಾತಿಯದ್ದು. ಆದ್ರೆ ಸಾಮಾನ್ಯ ಜನ ಸಂಗೀತ ಕೇಳೋಕೆ ಹೆಡ್‌ಫೋನ್ ಹಾಕೋ ಅಭ್ಯಾಸ ಬೆಳೆಯೋದಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 1958ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಜಾನ್ ಕಾಸ್ ಮತ್ತು ಅವರ ಎಂಜಿನಿಯರ್ ಗೆಳೆಯ ಮಾರ್ಟಿನ್ ಲ್ಯಾಂಜ್ ಒಂದು ಪೋರ್ಟಬಲ್ ರೆಕಾರ್ಡ್ ಪ್ಲೇಯರ್ ಮಾರಲು ಹೊರಟಿದ್ದರು. ಪಕ್ಕದವರಿಗೆ ತೊಂದರೆ ಆಗದ ಹಾಗೆ ಒಬ್ಬರೇ ಕೇಳಲಿ ಅಂತ ಜತೆಗೊಂದು ಸ್ಟೀರಿಯೊ ಹೆಡ್‌ಫೋನ್ ಇಟ್ಟರು. ಪ್ರದರ್ಶನಕ್ಕೆ ಬಂದ ಜನ ಪ್ಲೇಯರ್‌ಗಿಂತ ಹೆಡ್‌ಫೋನ್‌ಗೇ ಮುಗಿಬಿದ್ದರು. ಮದುಮಗನ ಬದಲು ಜತೆಗೆ ಬಂದವನನ್ನ ಒಪ್ಪಿಕೊಂಡ ಹಾಗೆ!

ಇಲ್ಲಿಂದ ಹೋಲಿಕೆ ಕಷ್ಟ ಆಗ್ತಾ ಹೋಯಿತು. ಮೋರ್ಸ್ ಸದ್ದು ಕೇಳಿಸತ್ತೆ ಅಥವಾ ಕೇಳಿಸಲ್ಲ. ಆದ್ರೆ ಪಿಟೀಲು? ಅದು ಎಲ್ಲಾ ಹೆಡ್‌ಫೋನ್‌ನಲ್ಲೂ ಕೇಳಿಸತ್ತೆ, ಒಂದೊಂದರಲ್ಲಿ ಒಂದೊಂದು ತರಹ. 1960ರಲ್ಲಿ ಜಪಾನಿನ ಸ್ಟಾಕ್ಸ್ ಕಂಪನಿ ಅಯಸ್ಕಾಂತ, ಸುರುಳಿ ಎರಡನ್ನೂ ಬಿಟ್ಟು, ಎರಡು ಲೋಹದ ಜಾಲರಿಗಳ ನಡುವೆ ಬಹಳ ತೆಳುವಾದ ಹಾಳೆ ಕಟ್ಟಿ, ಹೆಚ್ಚಿನ ವೋಲ್ಟೇಜ್ ಕೊಟ್ಟು ಅದನ್ನ ನಡುಗಿಸಿತು. ಇದಕ್ಕೆ ಎಲೆಕ್ಟ್ರೊಸ್ಟ್ಯಾಟಿಕ್ ಅಂತ ಹೆಸರು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 414 ತಂದಿತು. ಹಿಂಭಾಗ ತೆರೆದಿರೋ, ಹಳದಿ ಸ್ಪಂಜಿನ ಹಗುರ ಹೆಡ್‌ಫೋನ್. ಸದ್ದು ಪೆಟ್ಟಿಗೆಯೊಳಗೆ ಸಿಕ್ಕಿಹಾಕಿಕೊಂಡ ಹಾಗಿರದೆ ಗಾಳಿಯಾಡೋ ಕೋಣೆಯಲ್ಲಿದ್ದ ಹಾಗೆ ಕೇಳಿಸ್ತಿತ್ತು. 1 ಕೋಟಿಗೂ ಹೆಚ್ಚು ಮಾರಾಟ ಆಯಿತು. ಬಸ್ಸಿಗೆ ಮಾತ್ರ ಅಲ್ಲ ಇದು. ನೀವು ಕೇಳ್ತಿರೋದು ಪಕ್ಕದ ಸೀಟಿನವರಿಗೂ ಕೇಳಿಸತ್ತೆ.

ಸರಿ, ಇವುಗಳಲ್ಲಿ ಯಾವುದು ಮೇಲು? ಇದನ್ನ ಹೇಳೋಕೆ ಒಂದು ಹೊಸ ಭಾಷೆಯೇ ಹುಟ್ಟಿತು. ಜೆ. ಗಾರ್ಡನ್ ಹೋಲ್ಟ್ 1962ರಲ್ಲಿ 'ಸ್ಟೀರಿಯೊಫೈಲ್' ಪತ್ರಿಕೆ ಶುರು ಮಾಡಿದರು. ಯಂತ್ರದ ಅಂಕಿ ಅಂಶ ಏನೇ ಹೇಳಲಿ, ಕಿವಿಯಲ್ಲಿ ಕೇಳಿಯೇ ಹೇಳಬೇಕು ಅನ್ನೋ ಪಂಥ ಅದು. ಬೆಚ್ಚಗಿನ ದನಿ, ಕಪ್ಪು ದನಿ, ಚೂಪು ದನಿ, ಗಾಳಿ ಇರೋ ದನಿ ಅಂತ ವಿಮರ್ಶೆಗಳು ಬಂದವು. ನಾನು ಇದನ್ನ ಗೇಲಿ ಮಾಡ್ತಿಲ್ಲ. ಕಾಫಿ ಬಗ್ಗೆ ನಾವೂ ಹೀಗೇ ಮಾತಾಡ್ತೀವಿ. ತೊಂದರೆ ಏನಂದ್ರೆ, ಬೆಲೆ ಗೊತ್ತಿರೋ ಕಿವಿ ಈ ಮಾತುಗಳನ್ನ ಬಹಳ ಬೇಗ ಹುಡುಕಿಕೊಳ್ಳತ್ತೆ.

ಬೆಲೆಯಂತೂ ಏರ್ತಾನೇ ಹೋಯಿತು. 1989ರಲ್ಲಿ ಸೋನಿಯ ಎಂಡಿಆರ್-ಆರ್10, ಮರ ಕೊರೆದು ಮಾಡಿದ್ದು, 2500 ಡಾಲರ್. 1991ರಲ್ಲಿ ಸೆನ್‌ಹೈಸರ್‌ನ ಆರ್ಫಿಯಸ್, ಹಳೇ ರೇಡಿಯೊದಲ್ಲಿ ಇರ್ತಿತ್ತಲ್ಲ ಅಂಥ ವಾಲ್ವ್‌ಗಳ ಆಂಪ್ಲಿಫೈಯರ್ ಜತೆ, ಬರೀ 300ರಷ್ಟು ಮಾತ್ರ ತಯಾರಾಯಿತು. 2015ರಲ್ಲಿ ಅದರ ಉತ್ತರಾಧಿಕಾರಿಯನ್ನ ಘೋಷಿಸಿದರು, ಹೆಸರು ಎಚ್‌ಇ 1. ಬೆಲೆ ಸುಮಾರು 50 ಸಾವಿರ ಯೂರೊ, ಅಂದ್ರೆ ಆಗಿನ ಲೆಕ್ಕದಲ್ಲೇ 35 ಲಕ್ಷ ರೂಪಾಯಿ ಮೇಲೆ. ಆಂಪ್ಲಿಫೈಯರ್ ಇಟಲಿಯ ಕರಾರಾ ಅಮೃತಶಿಲೆಯದ್ದು. ನಡುಗೋ ಹಾಳೆಯ ದಪ್ಪ 2.4 ಮೈಕ್ರೊಮೀಟರ್, ಮೇಲೆ ಪ್ಲಾಟಿನಂ ಲೇಪ. ಗುಂಡಿ ಒತ್ತಿದರೆ ಕಲ್ಲಿನೊಳಗಿಂದ 8 ವಾಲ್ವ್‌ಗಳು ಮೆಲ್ಲಗೆ ಮೇಲೇಳತ್ತವೆ, ಮುಚ್ಚಳ ತೆರೆದುಕೊಳ್ಳತ್ತೆ. ಗರ್ಭಗುಡಿ ಪರದೆ ಸರಿಸಿದ ಹಾಗೆ. 8 ಹರ್ಟ್ಜ್‌ನಿಂದ 1 ಲಕ್ಷ ಹರ್ಟ್ಜ್‌ವರೆಗೆ ಸದ್ದು ಕೊಡತ್ತಂತೆ. ಮನುಷ್ಯನ ಕಿವಿಗೆ ಕೇಳಿಸೋದು ಹೆಚ್ಚೆಂದರೆ 20ರಿಂದ 20 ಸಾವಿರ ಹರ್ಟ್ಜ್. ಮಿಕ್ಕಿದ್ದು ಬಾವಲಿಗಳಿಗೆ.

ಅದನ್ನ ಮಾಡಿದ ಎಂಜಿನಿಯರ್‌ಗಳ ಕೆಲಸದ ಬಗ್ಗೆ ನನಗೆ ಗೌರವ ಇದೆ. ಆದ್ರೆ ಆ ಅಮೃತಶಿಲೆ, ಆ ಮೇಲೇಳೋ ವಾಲ್ವ್ ನೋಡಿದ ಮೇಲೆ ಯಾರಾದ್ರೂ "ಪರವಾಗಿಲ್ಲ, ಸುಮಾರಾಗಿದೆ" ಅಂದಾರೇ? ಮೊದಲ ಸ್ವರ ಬರೋ ಮುಂಚೆನೇ ಕಣ್ಣು ತೀರ್ಪು ಕೊಟ್ಟಾಗಿರತ್ತೆ.

ಸ್ಪೀಕರ್ ಆದರೆ ಪರದೆ ಹಿಂದೆ ಬಚ್ಚಿಡಬಹುದು. ಹೆಡ್‌ಫೋನನ್ನ ಎಲ್ಲಿ ಬಚ್ಚಿಡ್ತೀರಿ? ಅದು ನಿಮ್ಮ ತಲೆ ಮೇಲೇ ಕೂತಿದೆ. ನನ್ನ ರೂಮ್‌ಮೇಟ್ ಹಿಡಿದದ್ದು ಇದೇ ಸಮಸ್ಯೆಯನ್ನ. ಹಾರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2013ರ ಸುಮಾರಿಗೆ ಇದಕ್ಕೊಂದು ಉಪಾಯ ಮಾಡಿದರು. ಪ್ರತಿ ಹೆಡ್‌ಫೋನ್ ಯಾವ ಸ್ವರವನ್ನ ಎಷ್ಟು ಜೋರಾಗಿ ಕೊಡತ್ತೆ ಅಂತ ಅಳೆದು, ಆ ದನಿಗಳನ್ನೆಲ್ಲಾ ಒಂದೇ ಹೆಡ್‌ಫೋನ್ ಮೂಲಕ ಅನುಕರಣೆ ಮಾಡಿ ಕೇಳಿಸಿದರು. ತಲೆ ಮೇಲೆ ಒಂದೇ ತೂಕ, ಕಣ್ಣಿಗೆ ಬ್ರ್ಯಾಂಡ್ ಇಲ್ಲ, ಬೆಲೆ ಗೊತ್ತಿಲ್ಲ. ಆಗ ಬಹಳಷ್ಟು ಜನ ಆರಿಸಿಕೊಂಡದ್ದು ಒಳ್ಳೇ ಕೋಣೆಯಲ್ಲಿ ಇಟ್ಟ ಒಳ್ಳೇ ಸ್ಪೀಕರ್‌ನಂತೆ ಕೇಳಿಸೋ ದನಿಯನ್ನ. ಹಾರ್ಮನ್ ತಾನೂ ಹೆಡ್‌ಫೋನ್ ಮಾರೋ ಕಂಪನಿ ಅನ್ನೋದು ನೆನಪಿರಲಿ. ಆದ್ರೆ 2017ರಲ್ಲಿ ಜೆರೂನ್ ಬ್ರೀಬಾರ್ಟ್ ಅನ್ನೋ ಸಂಶೋಧಕ 283 ಹೆಡ್‌ಫೋನ್, ಇಯರ್‌ಫೋನ್‌ಗಳ ಅಳತೆಯನ್ನ ಅವುಗಳ ಬೆಲೆಯ ಜತೆ ಇಟ್ಟು ನೋಡಿದರು. ಸ್ವರಗಳ ಈ ಹಂಚಿಕೆಗೂ ಬೆಲೆಗೂ ಯಾವ ಸಂಬಂಧವೂ ಸಿಗಲಿಲ್ಲ. ಕಟ್ಟುವಿಕೆ, ಬಾಳಿಕೆ, ಮೆತ್ತೆ, ಅವೆಲ್ಲಾ ಬೇರೆ ಮಾತು.

ಇದನ್ನ ಓದಿದ ಮೇಲೆ ನಾವೂ ಹಾಗೇ ಮಾಡಿದೆವು. ಎರಡೂ ಹೆಡ್‌ಫೋನ್‌ಗಳ ಅಳತೆ ಹುಡುಕಿ, ಈಕ್ವಲೈಸರ್‌ಗೆ ಹಾಕಿ, ಎರಡರ ದನಿಯನ್ನೂ ನನ್ನ ಹೆಡ್‌ಫೋನ್‌ನಲ್ಲೇ ಕೇಳಿದೆವು. ಸದ್ದಿನ ಮಟ್ಟ ಎರಡಕ್ಕೂ ಒಂದೇ. ಇದು ಬಹಳ ಮುಖ್ಯ. ಕಡಿಮೆ ವಾಲ್ಯೂಮ್‌ನಲ್ಲಿ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳಿಸಲ್ಲ, ಜೋರಾದಂತೆ ತುಂಬಿಕೊಳ್ಳತ್ತೆ ಅಂತ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಹಾಗಾಗಿ ಸ್ವಲ್ಪ ಜೋರಿರೋದು ಸಾಮಾನ್ಯವಾಗಿ "ಚೆನ್ನಾಗಿ" ಕೇಳಿಸತ್ತೆ. ಅಂಗಡಿಯಲ್ಲಿ ಎರಡನ್ನ ಒಂದೇ ವಾಲ್ಯೂಮ್‌ಗೆ ಹಾಕಿ ನೋಡಿದಾಗ ನನಗೆ ಆಗಿದ್ದೂ ಇದೇ ಇರಬೇಕು.

ಫಲಿತಾಂಶ? ರೂಮ್‌ಮೇಟ್ ಹತ್ತಕ್ಕೆ ಒಂಬತ್ತು ಸರಿ ಹೇಳಿದ. ನಾನು ಆರು. ನಾಣ್ಯ ಚಿಮ್ಮಿದರೂ ಐದು ಬರತ್ತೆ.

ಮೂರು ದಿನ ಮುಖ ಊದಿಸಿಕೊಂಡು ಓಡಾಡಿದೆ. ಆಮೇಲೆ ಯಾಕೋ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಗ್ರಾಫ್‌ನಲ್ಲಿ ಎಡಗಿವಿಯ ಗೆರೆ 4 ಸಾವಿರ ಹರ್ಟ್ಜ್ ಹತ್ರ ಬಂದು ಗುಂಡಿಗೆ ಬಿದ್ದ ಹಾಗೆ ಇಳಿದಿತ್ತು. ಜೋರು ಸದ್ದಿನಿಂದ ಕಿವಿ ಕೆಟ್ಟರೆ ಮೊದಲು ಕಾಣೋದು ಅಲ್ಲೇ ಅಂತೆ. "ದಿನಾ ಬಸ್ಸಲ್ಲಿ ಹಾಡು ಕೇಳ್ತೀರಾ?" ಅಂತ ಕೇಳಿದರು ಆಡಿಯಾಲಜಿಸ್ಟ್. ಕೇಳ್ತೀನಿ. ಕಾಲೇಜಿನಿಂದ, ದಿನಾ ಎರಡು ಗಂಟೆ, ಇಂಜಿನ್ ಸದ್ದನ್ನ ಮುಚ್ಚೋಷ್ಟು ಜೋರಾಗಿ. ಆರು ಮಾರ್ಕ್ಸಿಗೆ ಇದೇ ಕಾರಣ ಅಂತ ಅವರೇನೂ ಹೇಳಲಿಲ್ಲ. ಆದ್ರೆ ಹೋದದ್ದು ವಾಪಸ್ ಬರಲ್ಲ ಅಂತ ಮಾತ್ರ ಸ್ಪಷ್ಟವಾಗಿ ಹೇಳಿದರು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ 4 ಗಂಟೆ ಮಾತ್ರ. ನನ್ನ ಬಸ್ ಲೆಕ್ಕ ನೀವೇ ಹಾಕಿ.

ಇನ್ನೊಂದು ಸಂಗತಿ. 414, ಆರ್ಫಿಯಸ್ ಎಲ್ಲಾ ಮಾಡಿದ ಸೆನ್‌ಹೈಸರ್‌ನ ಗ್ರಾಹಕ ಹೆಡ್‌ಫೋನ್ ವಿಭಾಗವನ್ನ 2022ರಲ್ಲಿ ಕೊಂಡುಕೊಂಡದ್ದು ಸ್ವಿಟ್ಜರ್ಲೆಂಡಿನ ಸೊನೋವಾ. ಅದರ ಮುಖ್ಯ ವ್ಯಾಪಾರ ಏನು ಗೊತ್ತಾ? ಹಿಯರಿಂಗ್ ಏಡ್.

ನನ್ನ ಇಎಂಐ ಇನ್ನೂ ಎರಡು ಕಂತು ಬಾಕಿ ಇದೆ. ಹೆಡ್‌ಫೋನ್ ಈಗ ಹೆಚ್ಚಾಗಿ ರೂಮ್‌ಮೇಟ್ ತಲೆ ಮೇಲೇ ಇರತ್ತೆ. "ಚೆನ್ನಾಗಿದೆ ಕಣೋ, ಆದ್ರೆ ಬೇಸ್ ಒಂಚೂರು ಕಮ್ಮಿ" ಅಂತಾನೆ. ಅವನು ಹೇಳಿದ ಮೇಲೆ ಇರಬಹುದು.

ಈ ಸಂಚಿಕೆ ಶುರುವಾದಾಗ ನಿಮ್ಮ ವಾಲ್ಯೂಮ್ ಎಷ್ಟಿತ್ತು? ಈಗ ಎಷ್ಟಿದೆ? ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ವಾರ ಸಿಗೋಣ.