ಹಳೆಯ ಸ್ಪೀಕರಿಗೆ ಹೊಸ ಕಂಠ: ಕಡಿಮೆ ಖರ್ಚಿನಲ್ಲಿ ಹೈ-ಫೈ ನಾದ

ಮನೆಯಲ್ಲಿ ಸಂಗೀತವನ್ನು ಚೆನ್ನಾಗಿ ಆಲಿಸಬೇಕೆಂಬ ಆಸೆ ಉಳ್ಳವರಿಗೆ ಬಹುತೇಕ ಅಡ್ಡಿಯಾಗುವುದು ಹಣ. ಹೊಸ ಹೈ-ಫೈ ಸ್ಪೀಕರುಗಳ ಬೆಲೆ ಕೇಳಿದ ಮಧ್ಯಮವರ್ಗದ ಶ್ರೋತೃ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುತ್ತಾನೆ, ಇಲ್ಲವೇ ಮೊಬೈಲಿಗೆ ಜೋಡಿಸುವ ಪುಟ್ಟ ಬ್ಲೂಟೂತ್ ಡಬ್ಬಿಯಲ್ಲಿಯೇ ತೃಪ್ತಿಪಟ್ಟುಕೊಳ್ಳುತ್ತಾನೆ. ಅದೇ ವೇಳೆಗೆ ಎಷ್ಟೋ ಮನೆಗಳ ಅಟ್ಟದಲ್ಲಿ ಎಂಬತ್ತು, ತೊಂಬತ್ತರ ದಶಕದ ಮರದ ಪೆಟ್ಟಿಗೆಯ ಸ್ಪೀಕರುಗಳು ದೂಳು ಹಿಡಿದು ಕುಳಿತಿರುತ್ತವೆ. ಮನೆ ಬದಲಿಸುವಾಗ ಅವು ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತವೆ.

ಹಾಗೆ ಗುಜರಿಗೆ ಹೋಗುವ ಪೆಟ್ಟಿಗೆಗಳಲ್ಲಿ ಹಲವು ಇನ್ನೂ ಹಾಡಬಲ್ಲವು. ಹಳೆಯ ಸ್ಪೀಕರಿನಲ್ಲಿ ಕಾಲಕ್ಕೆ ಮೊದಲು ಬಲಿಯಾಗುವವು ಬಹುಮಟ್ಟಿಗೆ ಅಗ್ಗದ ಭಾಗಗಳು. ಆಯಸ್ಕಾಂತ, ಲೋಹದ ಚೌಕಟ್ಟು, ಪೆಟ್ಟಿಗೆಯಂತಹ ದುಬಾರಿ ಭಾಗಗಳು ದಶಕಗಟ್ಟಲೆ ಬಾಳುತ್ತವೆ. ಯಾವುದು ಕೆಟ್ಟಿದೆ, ಯಾವುದು ಉಳಿದಿದೆ ಎಂಬುದನ್ನು ಗುರುತಿಸುವುದರಲ್ಲಿಯೇ ಈ ವ್ಯವಹಾರದ ಗುಟ್ಟು ಅಡಗಿದೆ.

ಹಳೆಯದು ಏಕೆ?

ಇಂದಿನ ಸ್ಪೀಕರುಗಳ ಮೂಲತತ್ತ್ವ 1925ರಷ್ಟು ಹಳೆಯದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಹಾಗೂ ಎಡ್ವರ್ಡ್ ಕೆಲಾಗ್ ಅಂದು ವಿವರಿಸಿದ ರಚನೆಯೇ ಇಂದಿಗೂ ಮುಂದುವರಿದಿದೆ: ಆಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕೋನ್. ಚಿಕ್ಕ ಮುಚ್ಚಿದ ಪೆಟ್ಟಿಗೆಯಿಂದಲೂ ಆಳವಾದ ಮಂದ್ರಸ್ವರ ಹೊರಡಿಸಬಹುದೆಂದು 1954ರಲ್ಲಿ ಎಡ್ಗರ್ ವಿಲ್ಚೂರ್ ತೋರಿಸಿದರು. ಪೆಟ್ಟಿಗೆಯ ಗಾತ್ರಕ್ಕೂ ಸ್ಪೀಕರಿನ ಗುಣಕ್ಕೂ ಇರುವ ಸಂಬಂಧವನ್ನು 1961ರಲ್ಲಿ ನೆವಿಲ್ ಥೀಲ್, ಎಪ್ಪತ್ತರ ದಶಕದಲ್ಲಿ ರಿಚರ್ಡ್ ಸ್ಮಾಲ್ ಲೆಕ್ಕಕ್ಕೆ ಇಳಿಸಿದರು. ಆದುದರಿಂದ 1985ರಲ್ಲಿ ಶ್ರದ್ಧೆಯಿಂದ ತಯಾರಾದ ಸ್ಪೀಕರು ಅದೇ ವರ್ಷದ ಕಂಪ್ಯೂಟರಿನಂತೆ ಕಾಲಬಾಹಿರವಾಗುವುದಿಲ್ಲ.

ಆಮದಿಗೆ ಕಟ್ಟುನಿಟ್ಟಿದ್ದ ಆ ದಿನಗಳಲ್ಲಿ ಕೋಲ್ಕತ್ತದ ಸೊನೊಡೈನ್, ಕಾಸ್ಮಿಕ್, ಫಿಲಿಪ್ಸ್ ಮುಂತಾದ ಹೆಸರುಗಳು ನಮ್ಮ ಮನೆಗಳನ್ನು ಸೇರಿದವು. 1991ರ ಉದಾರೀಕರಣದ ನಂತರ ಸೋನಿ, ಯಮಾಹಾದಂತಹ ವಿದೇಶಿ ಹೆಸರುಗಳು ಸುಲಭವಾಗಿ ಸಿಗತೊಡಗಿದವು. ಇಂದು ಹಳೆಯ ಸಾಮಾನಿನ ಪೇಟೆಯಲ್ಲಿ ಕಾಣಸಿಗುವುದು ಈ ಎರಡೂ ಕಾಲದ ಸರಕು.

ಎಲ್ಲಿ ಹುಡುಕಬೇಕು?

ಮೊದಲು ಹುಡುಕಬೇಕಾದದ್ದು ಬಂಧುಗಳ ಅಟ್ಟವನ್ನು. ಅನಂತರ ಓಎಲ್‌ಎಕ್ಸ್‌ನಂತಹ ತಾಣಗಳು. ಬೆಂಗಳೂರಿಗರಿಗೆ ಚಿಕ್ಕಪೇಟೆ ಆಸುಪಾಸಿನ ಭಾನುವಾರದ ಬಜಾರು, ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ ಪರಿಚಿತವೇ. ಉಳಿದ ಊರುಗಳಲ್ಲಿ ಹಳೆಯ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿಯವರನ್ನು ವಿಚಾರಿಸುವುದು ಲೇಸು. ಯಾರ ಮನೆಯಲ್ಲಿ ಏನಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ತೊಂಬತ್ತರ ದಶಕದ ‘ಮ್ಯೂಸಿಕ್ ಸಿಸ್ಟಂ’ಗಳ ಬಗ್ಗೆ ಮಾತ್ರ ಎಚ್ಚರವಿರಲಿ. ಅವುಗಳ ಮೇಲೆ ಸಾವಿರಾರು ವ್ಯಾಟ್ ಪಿಎಂಪಿಒ ಎಂದು ಅಚ್ಚಾಗಿರುತ್ತಿತ್ತು. ಅದು ಜಾಹೀರಾತಿನ ಅಂಕಿಯೇ ಹೊರತು ಅಳತೆಯಲ್ಲ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್ ಹಾಗೂ ಡೆಸಿಬೆಲ್‌ನಲ್ಲಿ ಸೂಚಿಸುವ ಸೆನ್ಸಿಟಿವಿಟಿ. 87 ಡೆಸಿಬೆಲ್‌ನ ಸ್ಪೀಕರು ಹೊರಡಿಸುವಷ್ಟೇ ಧ್ವನಿಗೆ 90 ಡೆಸಿಬೆಲ್‌ನ ಸ್ಪೀಕರಿಗೆ ಅರ್ಧದಷ್ಟು ವಿದ್ಯುತ್ ಸಾಕು. ಚಿಕ್ಕ ಆಂಪ್ಲಿಫೈಯರ್ ಇರುವವರಿಗೆ ಇದು ದೊಡ್ಡ ಉಳಿತಾಯ.

ಕೊಳ್ಳುವ ಮುನ್ನ ಪರೀಕ್ಷೆ

ಒಂದು ಮಲ್ಟಿಮೀಟರ್, ಒಂದೂವರೆ ವೋಲ್ಟಿನ ಬ್ಯಾಟರಿ ಸೆಲ್, ಟಾರ್ಚು: ಇಷ್ಟಿದ್ದರೆ ಸಾಕು.

ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡಿ. ಗಟ್ಟಿಯಾದ, ಮಂದವಾದ ಶಬ್ದ ಬರಬೇಕು. ಖಾಲಿ ಡಬ್ಬದಂತೆ ನುಡಿದರೆ ಹಲಗೆ ತೆಳುವಾಗಿದೆ ಎಂದರ್ಥ. ಕರಾವಳಿ, ಮಲೆನಾಡಿನಿಂದ ಬಂದ ಪೆಟ್ಟಿಗೆಯಾದರೆ ತಳವನ್ನು ತಿರುಗಿಸಿ ನೋಡುವುದು ಅಗತ್ಯ. ತೇವಕ್ಕೆ ಉಬ್ಬಿದ ಪಾರ್ಟಿಕಲ್ ಬೋರ್ಡನ್ನು ಸರಿಪಡಿಸಲಾಗದು. ಗೆದ್ದಲಿನ ಗುರುತಿದ್ದರಂತೂ ಕೈಬಿಡಿ.

ಮುಂದಿನ ಬಟ್ಟೆಯ ಜಾಲರಿಯನ್ನು ತೆಗೆದು, ವೂಫರ್ ಕೋನಿನ ಸುತ್ತಲಿನ ಅಂಚುಪಟ್ಟಿಯನ್ನು ಗಮನಿಸಿ. ಅದು ರಬ್ಬರಿನದಾದರೆ ದೀರ್ಘಾಯುಷಿ. ಫೋಮಿನದಾದರೆ 10ರಿಂದ 20 ವರ್ಷಗಳಲ್ಲಿ ಪುಡಿಪುಡಿಯಾಗುವುದು ಸಹಜ. ಇದು ರಿಪೇರಿಯಾಗುವ ದೋಷ. ಬೆಲೆ ಇಳಿಸಲು ಒಳ್ಳೆಯ ಕಾರಣವೂ ಹೌದು.

ಎರಡೂ ಕೈಗಳ ಬೆರಳುಗಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಕರಕರ ಎಂದು ಉಜ್ಜಿದ ಅನುಭವವಾದರೆ ಒಳಗಿನ ವಾಯ್ಸ್ ಕಾಯಿಲ್ ಕೆಟ್ಟಿದೆ ಅಥವಾ ಜರುಗಿದೆ. ಅಂತಹುದನ್ನು ಬಿಡುವುದೇ ಕ್ಷೇಮ.

ಮಲ್ಟಿಮೀಟರಿನಲ್ಲಿ 8 ಓಮ್‌ನ ವೂಫರ್ ಸುಮಾರು 5.5ರಿಂದ 7ರವರೆಗೆ, 4 ಓಮ್‌ನದು 3ರಿಂದ 3.8ರವರೆಗೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿರಬಹುದು ಅಥವಾ ಒಳಗಿನ ತಂತಿ ಕಡಿದಿರಬಹುದು. ಪೆಟ್ಟಿಗೆಯ ಹಿಂದಿನ ಟರ್ಮಿನಲ್‌ನಲ್ಲಿ ಅಳೆದರೆ ಟ್ವೀಟರಿನ ಸ್ಥಿತಿ ತಿಳಿಯದು, ಅದರ ದಾರಿಯಲ್ಲಿರುವ ಕೆಪಾಸಿಟರ್ ನೇರ ವಿದ್ಯುತ್ತನ್ನು ತಡೆಯುತ್ತದೆ. ಟ್ವೀಟರನ್ನು ಹಾಡು ಹಾಕಿ, ಕಿವಿ ಹತ್ತಿರ ಹಿಡಿದೇ ಪರೀಕ್ಷಿಸಬೇಕು. ಸುಟ್ಟ ಟ್ವೀಟರಿಗೆ ಅದೇ ಮಾದರಿ ಸಿಗುವ ಖಾತರಿಯಿಲ್ಲದಿದ್ದರೆ ಆ ಜೋಡಿ ಬೇಡ.

ರಿಪೇರಿ ಮಾಡಬೇಕಾದದ್ದು

ಫೋಮಿನ ಅಂಚುಪಟ್ಟಿ ಬದಲಿಸುವುದು ತಾಳ್ಮೆಯ ಕೆಲಸ, ಆದರೆ ಮನೆಯಲ್ಲಿಯೇ ಸಾಧ್ಯ. ‘8 ಇಂಚು’ ಎಂದಷ್ಟೇ ಹೇಳಿ ತರಬೇಡಿ. ಕೋನಿನ ಹೊರ ಅಳತೆ, ಚೌಕಟ್ಟಿನ ಒಳ ಅಳತೆ ಎರಡನ್ನೂ ಬರೆದುಕೊಂಡು ಹೋಗಿ. ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆದು, ಹೊಸ ಪಟ್ಟಿ ಅಂಟಿಸಿ, ಅಂಟು ಒಣಗುವ ಮುನ್ನ ಕೋನು ಎಲ್ಲಿಯೂ ಉಜ್ಜದಂತೆ ಮಧ್ಯಕ್ಕೆ ಹೊಂದಿಸಬೇಕು. ಒಂದು ದಿನ ಪೂರ್ತಿ ಒಣಗಲು ಬಿಡಿ. ಒಂದೇ ಪೆಟ್ಟಿಗೆ ಹಾಳಾಗಿದ್ದರೂ ಎರಡಕ್ಕೂ ಹೊಸ ಪಟ್ಟಿ ಹಾಕಿದರೆ ಮಾತ್ರ ಎಡ-ಬಲ ಸಮವಾಗಿ ನುಡಿಯುತ್ತವೆ.

ಮಂದ್ರ, ತಾರ ಸ್ವರಗಳನ್ನು ಬೇರ್ಪಡಿಸುವ ಕ್ರಾಸೋವರಿನಲ್ಲಿ ಬೈಪೋಲಾರ್ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಿದ್ದರೆ ಅವು ಒಣಗಿ ತಾರಸ್ವರ ಮಂಕಾಗಿರಬಹುದು. ಅವುಗಳ ಜಾಗಕ್ಕೆ ಅಷ್ಟೇ ಮೈಕ್ರೊಫ್ಯಾರಡ್‌ನ, ವೋಲ್ಟೇಜಿನಲ್ಲಿ ಕಡಿಮೆಯಿಲ್ಲದ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಬಹುದು. ದೊಡ್ಡ ಮೌಲ್ಯದವು ದುಬಾರಿಯಾದರೆ ಹೊಸ ಬೈಪೋಲಾರ್ ಸಾಕು. ಪ್ಲಸ್-ಮೈನಸ್ ಗುರುತಿರುವ ಸಾಮಾನ್ಯ ಎಲೆಕ್ಟ್ರೊಲಿಟಿಕ್ ಮಾತ್ರ ಇಲ್ಲಿ ಸಲ್ಲದು. ಕಿಲುಬು ಹಿಡಿದ ಟರ್ಮಿನಲ್‌ಗಳನ್ನು ಉಜ್ಜಿ ಹೊಳಪು ಬರಿಸಿ, ಇಲ್ಲವೇ ಬದಲಿಸಿ.

ಹಣ ಸುರಿಯಬಾರದ್ದು

ಹೆಚ್ಚು ‘ಬಾಸ್’ ಬರಲೆಂದು ಅದೇ ಅಳತೆಯ ಬೇರೆ ವೂಫರ್ ಕೂರಿಸುವುದು ಸಾಮಾನ್ಯ ತಪ್ಪು. ಥೀಲ್ ಮತ್ತು ಸ್ಮಾಲ್ ಅವರ ಲೆಕ್ಕ ಹೇಳುವುದೇ ಇದನ್ನು: ವೂಫರ್ ಮತ್ತು ಪೆಟ್ಟಿಗೆ ಒಂದಕ್ಕೊಂದು ಹೊಂದಿಕೊಂಡ ಜೋಡಿ. ತಿರುಪು ಕೂತ ಮಾತ್ರಕ್ಕೆ ನಾದ ಕೂಡುವುದಿಲ್ಲ.

ದುಬಾರಿ ತಂತಿಯೂ ಅನಗತ್ಯ. 1.5 ಚದರ ಮಿಲಿಮೀಟರಿನ ಮಾಮೂಲಿ ತಾಮ್ರದ ತಂತಿಯನ್ನು 6 ಮೀಟರ್ ಎಳೆದರೂ, ಹೋಗಿಬರುವ ದಾರಿಯ ಒಟ್ಟು ಪ್ರತಿರೋಧ ಸುಮಾರು 0.15 ಓಮ್ ಮಾತ್ರ. 8 ಓಮ್‌ನ ಸ್ಪೀಕರಿಗೆ ಅದು ನಗಣ್ಯ.

ಕಾಸಿಲ್ಲದ ಸುಧಾರಣೆ

ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ತರುವುದು ಪೆಟ್ಟಿಗೆ ಇಡುವ ಜಾಗ. ಬೀರುವಿನ ಮೇಲೋ ಕೋಣೆಯ ಮೂಲೆಯಲ್ಲೋ ಇಟ್ಟ ಸ್ಪೀಕರಿನಲ್ಲಿ ಮೃದಂಗ ಗುಮ್ಮೆನ್ನುತ್ತದೆ, ಹಾಡುಗಾರರ ಮಾತು ಮುಳುಗುತ್ತದೆ. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತಂದು, ಟ್ವೀಟರ್ ಕುಳಿತವರ ಕಿವಿಯ ಮಟ್ಟಕ್ಕೆ ಬರುವಂತೆ ಗಟ್ಟಿ ಸ್ಟ್ಯಾಂಡಿನ ಮೇಲಿಡಿ. ಎರಡು ಪೆಟ್ಟಿಗೆಗಳ ನಡುವಿನ ದೂರ, ಪೆಟ್ಟಿಗೆಯಿಂದ ನಿಮಗಿರುವ ದೂರ ಹೆಚ್ಚುಕಡಿಮೆ ಸಮವಿರಲಿ.

ಎರಡೂ ಪೆಟ್ಟಿಗೆಗಳ ಕೆಂಪು, ಕಪ್ಪು ತಂತಿಗಳು ಒಂದೇ ಕ್ರಮದಲ್ಲಿವೆಯೇ ಎಂದೂ ನೋಡಿ. ಒಂದು ತಿರುಗುಮುರುಗಾದರೆ ಮಂದ್ರಸ್ವರ ಸೊರಗುತ್ತದೆ. ಸಂಶಯವಿದ್ದರೆ ಆಂಪ್ಲಿಫೈಯರಿನಿಂದ ತಂತಿ ಬಿಚ್ಚಿ, ಬ್ಯಾಟರಿ ಸೆಲ್ಲಿನ ಪ್ಲಸ್ ತುದಿಯನ್ನು ಕೆಂಪು ಟರ್ಮಿನಲ್‌ಗೆ, ಮೈನಸ್ ತುದಿಯನ್ನು ಕಪ್ಪು ಟರ್ಮಿನಲ್‌ಗೆ ಕ್ಷಣಮಾತ್ರ ತಾಗಿಸಿ. ಎರಡೂ ವೂಫರುಗಳು ಒಂದೇ ದಿಕ್ಕಿಗೆ ಜಿಗಿಯಬೇಕು.

ಖರ್ಚಿನ ಹಂಚಿಕೆ

ಕೈಯಲ್ಲಿ 5,000 ರೂಪಾಯಿ ಇದೆ ಎನ್ನೋಣ. 3,000 ರೂಪಾಯಿ ಮೀರದಂತೆ ಜೋಡಿಯನ್ನು ಕೊಂಡು, 1,000 ರೂಪಾಯಿಯನ್ನು ರಿಪೇರಿಗೆ ಇರಿಸಿ, ಉಳಿದ 1,000 ರೂಪಾಯಿಯನ್ನು ತಂತಿ, ಸ್ಟ್ಯಾಂಡುಗಳಿಗೆ ಬಳಸುವುದು ವಿವೇಕದ ಹಂಚಿಕೆ. ರಿಪೇರಿಯ ಅಂದಾಜು ಕೊಂಡ ಬೆಲೆಯ ಅರ್ಧವನ್ನು ದಾಟಿದರೆ ಬೇರೆ ಜೋಡಿ ಹುಡುಕುವುದೇ ಮೇಲು. ಒಳಗೇ ಆಂಪ್ಲಿಫೈಯರ್ ಇದ್ದು ನೇರವಾಗಿ ಕರೆಂಟಿಗೆ ಜೋಡಿಸುವ ಸ್ಪೀಕರುಗಳನ್ನು ಮಾತ್ರ ಮನೆಯಲ್ಲಿ ಬಿಚ್ಚದೆ, ಬಲ್ಲ ರಿಪೇರಿಯವರ ಕೈಗೆ ಒಪ್ಪಿಸಿ.

ಅಟ್ಟದ ಪೆಟ್ಟಿಗೆಯನ್ನು ಗುಜರಿಯವನಿಗೆ ತೂಗಿಕೊಡುವ ಮೊದಲು ಒಮ್ಮೆ ಜಾಲರಿ ಬಿಚ್ಚಿ ನೋಡಿ. ಪುಡಿಯಾಗಿರುವುದು ಫೋಮ್ ಮಾತ್ರವಾದರೆ ಅದನ್ನು ಉಳಿಸಿಕೊಳ್ಳಬಹುದು.