ರಿಜಿಸ್ಟರಿನಲ್ಲಿ ಇಲ್ಲದ ಕೆಮ್ಮು

ಕೆಜಿಎಫ್ ಅಂದ್ರೆ ಏನು ಅಂತ ಈಗ ಯಾರಿಗೂ ವಿವರಿಸಬೇಕಾಗಿಲ್ಲ. 2018ರಲ್ಲಿ ಸಿನಿಮಾ ಬಂದ ಮೇಲೆ ಪುಣೆ, ಲಖನೌ ಕಡೆಯ ನನ್ನ ಸಹೋದ್ಯೋಗಿಗಳೂ ಕೋಲಾರ ಎಲ್ಲಿದೆ ಅಂತ ಮ್ಯಾಪಿನಲ್ಲಿ ಹುಡುಕಿದ್ದರು. ಆ ಸಿನಿಮಾ ನೋಡಿದವರಿಗೆ ಹೀರೋ ಬಿಟ್ಟರೆ ನೆನಪಿರೋದು ಧೂಳು. ಫ್ರೇಮಿನ ತುಂಬಾ ಧೂಳು, ಮುಖದ ಮೇಲೆ ಧೂಳು, ಬಿಸಿಲಿನಲ್ಲಿ ಹೊಳೆಯೋ ಧೂಳು. ಕಥೆ ಕಲ್ಪನೆಯದೇ ಇರಬಹುದು, ಧೂಳು ಮಾತ್ರ ನಿಜ. ಆ ಧೂಳಿನ ಪಕ್ಕದಲ್ಲೇ ನೂರು ವರ್ಷಕ್ಕೂ ಮಿಕ್ಕಿ ಒಂದು ಆಸ್ಪತ್ರೆ ಇತ್ತು. ನಾನು ಬರೀತಿರೋದು ಅದರ ಬಗ್ಗೆ.

ಅಜ್ಜಂಪುರದ ಕಡೆಯವನಿಗೆ ಕೋಲಾರದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಮ್ಮದೂ ಒಂಥರಾ ಗಣಿ ಸೀಮೆಯೇ. ಹಳೇ ಮೈಸೂರು ಸಂಸ್ಥಾನದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ತರೀಕೆರೆಯ ಮೇಲಿರೋ ಕೆಮ್ಮಣ್ಣುಗುಂಡಿಗೆ ನಾವು ಇವತ್ತು ವೀಕೆಂಡ್ ಟ್ರಿಪ್ ಹೋಗ್ತೀವಿ. ಹಿಂದೆ ಅಲ್ಲಿಂದ ಕಬ್ಬಿಣದ ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದು ಭದ್ರಾವತಿ ಕಾರ್ಖಾನೆಗೆ ಹೋಗುತ್ತಿತ್ತು. ಆ ಕಾರ್ಖಾನೆ ಶುರುವಾದದ್ದು 1923ರಲ್ಲಿ. ಜಿಲ್ಲೆಯ ಇನ್ನೊಂದು ತುದಿಯ ಕುದುರೆಮುಖದಲ್ಲಿ 1976ರಲ್ಲಿ ಕಂಪನಿ ಬಂತು. ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ 2005ರ ಕೊನೆಗೆ ಗಣಿಗಾರಿಕೆ ನಿಂತು, ಟೌನ್‌ಶಿಪ್ ಖಾಲಿಯಾಗುತ್ತಾ ಬಂತು.

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಗಂಡು ನೋಡುವಾಗ ಒಂದು ಮಾತು ಖಾಯಂ: "ಹುಡುಗನಿಗೆ ಕಾರ್ಖಾನೇಲಿ ಕೆಲಸ, ಕ್ವಾರ್ಟರ್ಸ್ ಇದೆ, ಆಸ್ಪತ್ರೆ ಫ್ರೀ." ಸಂಬಳ ಎಷ್ಟು ಅನ್ನೋದು ಆಮೇಲಿನ ಪ್ರಶ್ನೆ. ಕಾಯಿಲೆ ಬಿದ್ದರೆ ಅಡಿಕೆ ತೋಟ ಅಡ ಇಡಬೇಕಾದ ಊರಿನಲ್ಲಿ ಆ ಕೊನೆಯ ಎರಡು ಪದಕ್ಕೆ ಇದ್ದ ತೂಕ ಬೇರೇನೇ. ಕಂಪನಿ ಆಸ್ಪತ್ರೆ ಅಂದ್ರೆ ಏನು, ಅದು ಯಾರದು, ಎಲ್ಲಿವರೆಗೆ ನಮ್ಮದು ಅನ್ನೋ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿ ಅತಿ ಉದ್ದದ ಉತ್ತರ ಇರೋದು ಕೆಜಿಎಫ್‌ನಲ್ಲಿ.

ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಬಂದಾಗ ಅಲ್ಲಿದ್ದದ್ದು ಹಳೆಯ ಗುಂಡಿಗಳು, ಕುರುಚಲು ಕಾಡು, ನೀರಿಲ್ಲದ ನೆಲ. ಗಣಿ ನಡೀಬೇಕಾದರೆ ಊರನ್ನೇ ಕಟ್ಟಬೇಕಿತ್ತು. 1894ರಲ್ಲಿ ರೈಲು ಬಂತು. ಬೇತಮಂಗಲದ ಕೆರೆಯಿಂದ ನೀರು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದರು. ಬೆಂಗಳೂರಿನ ಬೀದಿಗಳಿಗೆ ಕರೆಂಟ್ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ, ಇಟಲಿಯಿಂದ ಗಣಿ ಕೆಲಸ ಬಲ್ಲವರು ಬಂದರು. ಕೆಳಗಿಳಿದು ಕಲ್ಲು ಒಡೆಯೋಕೆ ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯಿಂದ ಸಾವಿರಾರು ಜನ ಬಂದರು. ಅವರಲ್ಲಿ ಬಹುಪಾಲು ದಲಿತರು, ಜಮೀನಿಲ್ಲದವರು. 1930ರ ಹೊತ್ತಿಗೆ ಸುಮಾರು 30 ಸಾವಿರ ಜನ ಅಲ್ಲಿ ದುಡಿಯುತ್ತಿದ್ದರು.

ಇಷ್ಟು ಜನರನ್ನ ತಟ್ಟಿ ಗುಡಿಸಲುಗಳ ಸಾಲಿನಲ್ಲಿ ಒತ್ತೊತ್ತಾಗಿ ಇರಿಸಿದರೆ ರೋಗ ಬರದೇ ಇರುತ್ತಾ? 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟಿತು. ಅಂಥ ಕಾಲದಲ್ಲಿ ಕಂಪನಿಗೆ ಆಸ್ಪತ್ರೆ ಅನ್ನೋದು ಬರೀ ದಾನಧರ್ಮದ ವಿಷಯ ಆಗಿರಲಿಲ್ಲ, ಪಂಪು, ಬಾಯ್ಲರ್ ಇದ್ದ ಹಾಗೆ ಅದೂ ಗಣಿಯ ಒಂದು ಭಾಗ. ಕೂಲಿ ಆಳು ಮಲಗಿದರೆ ಶಾಫ್ಟ್ ನಿಲ್ಲುತ್ತೆ.

ಹೀಗೆ ಬೆಳೆದ ಆಸ್ಪತ್ರೆ ಒಳ್ಳೆಯ ಆಸ್ಪತ್ರೆಯೇ ಆಯಿತು. ಇದನ್ನ ಒಪ್ಪಿಕೊಳ್ಳದೆ ಮುಂದೆ ಹೋದರೆ ಅನ್ಯಾಯ. ಚಾಂಪಿಯನ್ ರೀಫ್ ಗಣಿ ಕೊನೆಗೆ ನೆಲದಿಂದ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತೆ. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತೆ. ಅದಕ್ಕೆ 'ರಾಕ್ ಬರ್ಸ್ಟ್' ಅಂತಾರೆ, ಮೇಲಿದ್ದವರ ಮನೆಯ ಪಾತ್ರೆಗಳೂ ಅಲುಗಾಡುವಂಥ ಸ್ಫೋಟ ಅದು. ಮುರಿದ ಕೈಕಾಲು, ಜಜ್ಜಿದ ಬೆನ್ನು, ಬಿಸಿಲೂ ಇಲ್ಲದ ಕಡೆ ಬಿಸಿಲು ಹೊಡೆದಂತೆ ಬೀಳೋ ಜನ, ಇವೆಲ್ಲ ಆ ಆಸ್ಪತ್ರೆಯ ದಿನದ ಕೆಲಸ. ಹೆರಿಗೆಯೂ ಅಲ್ಲೇ, ಮಕ್ಕಳ ಜ್ವರವೂ ಅಲ್ಲೇ. ಆ ಊರಿನ ಹಿರಿಯರನ್ನ ಮಾತಿಗೆಳೆದರೆ "ನಾನು ಹುಟ್ಟಿದ್ದು ಅದೇ ಆಸ್ಪತ್ರೇಲಿ" ಅನ್ನೋದನ್ನ ಡಿಗ್ರಿ ಹೇಳಿದಷ್ಟೇ ಹೆಮ್ಮೆಯಿಂದ ಹೇಳ್ತಾರೆ.

ಸಮಸ್ಯೆ ಇದ್ದದ್ದು ಗಾಯದಲ್ಲಲ್ಲ, ಧೂಳಿನಲ್ಲಿ.

ಕೋಲಾರದ ಚಿನ್ನ ಸಿನಿಮಾದಲ್ಲಿ ತೋರಿಸೋ ಹಾಗೆ ಗಟ್ಟಿಗಟ್ಟಿಯಾಗಿ ಸಿಗುವಂಥದ್ದಲ್ಲ. ಬೆಣಚುಕಲ್ಲಿನ ಪದರದೊಳಗೆ ಕಣ್ಣಿಗೆ ಕಾಣದ ಕಣವಾಗಿ ಸೇರಿಕೊಂಡಿರುತ್ತೆ. ಕೊನೆಯ ವರ್ಷಗಳಲ್ಲಂತೂ ಒಂದು ಟನ್ ಕಲ್ಲಿಗೆ ಮೂರು ನಾಲ್ಕು ಗ್ರಾಂ ಸಿಕ್ಕರೆ ಪುಣ್ಯ. ಅಂದ್ರೆ ಚಿನ್ನ ಬೇಕಾದರೆ ಬೆಣಚುಕಲ್ಲನ್ನ ಕೊರೀಬೇಕು, ಸಿಡಿಸಬೇಕು, ಹಿಟ್ಟು ಮಾಡಬೇಕು. ಬೆಣಚುಕಲ್ಲು ಅಂದ್ರೆ ಸಿಲಿಕಾ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣೋ ಧೂಳನ್ನ ಮೂಗು, ಗಂಟಲು ಹೇಗೋ ತಡೀತವೆ. 10 ಮೈಕ್ರಾನಿಗಿಂತ ಚಿಕ್ಕದಾದ, ಕಾಣದೇ ಇರೋ ಧೂಳು ಸೀದಾ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತೆ. ಅದನ್ನ ನುಂಗಿ ಹಾಕೋಕೆ ಬರೋ ಕಾವಲು ಕೋಶಗಳು ತಾವೇ ಸಾಯ್ತವೆ. ಸತ್ತ ಜಾಗದಲ್ಲಿ ಕಲೆ ಕಟ್ಟುತ್ತೆ. ಕಲೆ ಕಟ್ಟಿದ ಶ್ವಾಸಕೋಶ ಹಿಗ್ಗಲ್ಲ. ಅದರ ಬೆನ್ನಿಗೇ ಕ್ಷಯವೂ ಸುಲಭವಾಗಿ ಸೇರಿಕೊಳ್ಳುತ್ತೆ. ಇದೇ ಸಿಲಿಕೋಸಿಸ್. ಇದನ್ನ ವಾಸಿ ಮಾಡೋ ಔಷಧಿ ಇವತ್ತಿಗೂ ಇಲ್ಲ.

ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದೇ ಕೋಲಾರದ ಗಣಿಗಳಿಂದ, 1934ರಲ್ಲಿ. ಆಮೇಲೆ 1940ರಿಂದ 46ರವರೆಗೆ 7,653 ಕೆಲಸಗಾರರನ್ನ ಪರೀಕ್ಷೆ ಮಾಡಿದರು. ಸಿಲಿಕೋಸಿಸ್ ಇದ್ದವರು ಶೇಕಡ 43.7. ನೂರಕ್ಕೆ ನಾಲ್ವರಲ್ಲ, ನಲವತ್ತನಾಲ್ಕರ ಹತ್ತಿರ. ಗಣಿ ಶುರುವಾಗಿ ಅರವತ್ತು ವರ್ಷದ ಮೇಲೆ ಸಿಕ್ಕ ಲೆಕ್ಕ ಇದು. ಅದಕ್ಕೂ ಮುಂಚೆ ಕೆಮ್ಮಿದವರೆಲ್ಲ ಯಾವ ಲೆಕ್ಕಕ್ಕೆ ಹೋದರು?

ಈ ಕಾಯಿಲೆಗೆ ಇನ್ನೊಂದು ಗುಣ ಇದೆ. ಸಾಮಾನ್ಯವಾಗಿ ಧೂಳು ಕುಡಿಯೋಕೆ ಶುರು ಮಾಡಿ ಹತ್ತು, ಇಪ್ಪತ್ತು ವರ್ಷ ಆದಮೇಲೆ ಬಾಯಿ ಬಿಡುತ್ತೆ. ಗಣಿ ಬಿಟ್ಟ ಮೇಲೂ ಒಳಗೆ ಕಲೆ ಬೆಳೀತಾನೇ ಇರುತ್ತೆ. ಆದರೆ ಕಂಪನಿ ಆಸ್ಪತ್ರೆಯ ಬಾಗಿಲು ತೆರೆದಿರೋದು ಮಸ್ಟರ್ ರೋಲಿನಲ್ಲಿ ಹೆಸರು ಇರೋವರೆಗೆ. ಏದುಸಿರು ಬರೋ ಆಳು ಕೆಲಸಕ್ಕೆ ಆಗಲ್ಲ, ಕೆಲಸಕ್ಕೆ ಆಗದವನು ಊರಿಗೆ ಹೋಗ್ತಾನೆ. ಆರ್ಕಾಟಿನ ಯಾವುದೋ ಹಳ್ಳಿಯ ಜಗುಲಿ ಮೇಲೆ ಕೂತು ಅವನು ಕೆಮ್ಮೋದು ಗಣಿಯ ಯಾವ ರಿಜಿಸ್ಟರಿಗೂ ಕೇಳಿಸಲ್ಲ. ಆಸ್ಪತ್ರೆ ಎಷ್ಟೇ ಒಳ್ಳೇದಿದ್ದರೂ ಅದು ಕೇಳ್ತಿದ್ದದ್ದು 'ನೀನು ಯಾರು' ಅಂತಲ್ಲ, 'ನೀನು ಈಗ ನಮ್ಮವನಾ' ಅಂತ.

ದಾಖಲೆ ಇಡೋಕೆ ಆಗ್ತಿರಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. 1930ರಲ್ಲಿ ಇದೇ ಕಂಪನಿಗಳು ಪ್ರತಿ ಕೆಲಸಗಾರನ ಬೆರಳಚ್ಚು ತೆಗೆದು ನೋಂದಣಿ ಮಾಡೋಕೆ ಹೊರಟಿದ್ದವು. ಅದನ್ನ ವಿರೋಧಿಸಿ ಸುಮಾರು ಮೂರು ವಾರ ಮುಷ್ಕರವೇ ನಡೀತು. ಒಬ್ಬೊಬ್ಬನ ಬೆರಳ ಗೆರೆಯನ್ನೂ ಕಾಗದದ ಮೇಲೆ ಇಳಿಸೋ ಯೋಜನೆ ಇದ್ದವರಿಗೆ, ಕೆಲಸ ಬಿಟ್ಟವನ ಎದೆಯ ಲೆಕ್ಕ ಇಡೋದು ಕಷ್ಟದ ಕೆಲಸ ಆಗಿರಲಿಲ್ಲ. ಅದು ಬೇಕು ಅಂತ ಅನ್ನಿಸಿರಲಿಲ್ಲ, ಅಷ್ಟೇ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. 1962ರಲ್ಲಿ ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅಂತ ಕಂಪನಿ ಆಯಿತು. ಯಜಮಾನ ಬದಲಾದ, ಆಸ್ಪತ್ರೆಯ ನಿಯಮ ಬದಲಾಗಲಿಲ್ಲ. ಕಾರ್ಮಿಕರ ಆರೋಗ್ಯಕ್ಕೆ ಅಂತಲೇ ದೇಶಕ್ಕೆ 1948ರಲ್ಲಿ ಇಎಸ್‌ಐ ಕಾಯ್ದೆ ಬಂದಿತ್ತು. ಆದರೆ ಆ ಕಾಯ್ದೆ 'ಕಾರ್ಖಾನೆ' ಅನ್ನೋ ಪದದ ಅರ್ಥದಿಂದ ಗಣಿಯನ್ನ ಹೊರಗಿಟ್ಟಿತು. ಹಾಗಾಗಿ ಗಣಿಯವರಿಗೆ ಕಂಪನಿ ಆಸ್ಪತ್ರೆಯೇ ಗತಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬೆನ್ನಿಗೇ ಆಸ್ಪತ್ರೆಯೂ ಮುಚ್ಚಿತು. ಉಳಿದದ್ದು ಸೈನೈಡ್ ಗುಡ್ಡಗಳು. ಮೂರು ಕೋಟಿ ಟನ್ನಿಗೂ ಹೆಚ್ಚು ಹಿಟ್ಟಾದ ಕಲ್ಲು, ಗಾಳಿ ಬೀಸಿದಾಗಲೆಲ್ಲ ಊರಿನ ಮೇಲೆ ಹಾರುತ್ತೆ. ಧೂಳಿಗೆ ಮಾತ್ರ ವಿಆರ್‌ಎಸ್ ಸಿಗಲಿಲ್ಲ.

ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲೂ ಇದೇ ಕಥೆ. ಲೆಸೊಥೊ, ಮೊಜಾಂಬಿಕ್‌ನಿಂದ ಬಂದ ಆಳುಗಳು, ಅದೇ ಬೆಣಚುಕಲ್ಲು, ಅದೇ ಕೆಮ್ಮು, ಅದೇ ಊರಿಗೆ ವಾಪಸ್. ಆದರೆ ಅಲ್ಲಿ ಹಳೆ ಕೆಲಸಗಾರರು ಒಟ್ಟಾಗಿ ಕೋರ್ಟಿಗೆ ಹೋದರು. 2019ರಲ್ಲಿ ಆರು ಕಂಪನಿಗಳು 500 ಕೋಟಿ ರಾಂಡ್ ಪರಿಹಾರ ಕೊಡೋ ಒಪ್ಪಂದಕ್ಕೆ ಜೋಹಾನ್ಸ್‌ಬರ್ಗ್ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. 1965ರಿಂದೀಚೆಗೆ ದುಡಿದವರನ್ನ, ಸತ್ತವರಾದರೆ ಅವರ ಮನೆಯವರನ್ನ ಹುಡುಕೋಕೆ ಒಂದು ಟ್ರಸ್ಟ್ ಮಾಡಿದರು. ಗೇಟಿನ ಆಚೆಗೆ ಹೋದವರನ್ನೂ ಹುಡುಕಬಹುದು ಅನ್ನೋದಕ್ಕೆ ಇದೇ ಸಾಕ್ಷಿ.

ಕೆಜಿಎಫ್ ಆಸ್ಪತ್ರೆಯ ಬಾಗಿಲು ಇನ್ನೊಂದು ಸಲ ತೆರೀತು. 2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ. ಬೆಡ್ಡಿಗಾಗಿ ನಾವೆಲ್ಲ ಟ್ವಿಟರಿನಲ್ಲಿ ಅಂಗಲಾಚುತ್ತಿದ್ದ ದಿನಗಳು. ಇಪ್ಪತ್ತು ವರ್ಷ ಬೀಗ ಬಿದ್ದಿದ್ದ ಆ ಕಟ್ಟಡವನ್ನ ಸ್ವಯಂಸೇವಕರು ಸೇರಿ ಗುಡಿಸಿ, ತೊಳೆದು, ಬಣ್ಣ ಬಳಿದು ಕೋವಿಡ್ ರೋಗಿಗಳಿಗೆ ಸಜ್ಜು ಮಾಡಿದರು. ಆ ಸುದ್ದಿ ಓದಿದಾಗ ಎಲ್ಲರ ಹಾಗೆ ನನಗೂ ಖುಷಿಯಾಗಿತ್ತು. ಆಮೇಲೆ ಯೋಚನೆ ಬಂತು. ಕೆಲವೇ ದಿನಗಳಲ್ಲಿ ತೆರೆಯೋಕೆ ಸಾಧ್ಯವಿದ್ದ ಆಸ್ಪತ್ರೆ ಇಪ್ಪತ್ತು ವರ್ಷ ಮುಚ್ಚೇ ಇತ್ತು. ಆ ಇಪ್ಪತ್ತು ವರ್ಷ ಅಂದ್ರೆ ಕೊನೆಯ ತಲೆಮಾರಿನ ಗಣಿ ಕೆಲಸಗಾರರ ಎದೆಯಲ್ಲಿ ಸಿಲಿಕಾ ಬಾಯಿ ಬಿಡುವ ಇಪ್ಪತ್ತು ವರ್ಷ.

ಇದು ಹಳೇ ಕಾಲದ ಗಣಿಯ ವಿಷಯ, ನಮಗೇನು ಅನ್ನೋ ಹಾಗಿಲ್ಲ. ನಮ್ಮ ಐಟಿ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಕಾರ್ಡಿಗೂ ಆಯಸ್ಸು ಲಾಸ್ಟ್ ವರ್ಕಿಂಗ್ ಡೇವರೆಗೆ ಮಾತ್ರ. ಲೇಆಫ್ ಆದ ಸಂಜೆ ನಮ್ಮ ಅಪ್ಪ ಅಮ್ಮನ ಬಿಪಿ, ಶುಗರ್ ಎಲ್ಲ ಮತ್ತೆ ನಮ್ಮ ಸ್ವಂತದ್ದು. ಆದರೂ ನಮಗೆ ಬೇರೆ ಪಾಲಿಸಿ ಕೊಳ್ಳೋ ಶಕ್ತಿ ಇದೆ.

ಇಲ್ಲದವರು ಎಲ್ಲಿದ್ದಾರೆ ಅಂತ ನೋಡೋಕೆ ಕೋಲಾರಕ್ಕೆ ಹೋಗಬೇಕಿಲ್ಲ. ಕಡೂರು, ಅಜ್ಜಂಪುರದ ಬಯಲು ಕಡೆ ಬೇಸಿಗೆಯಲ್ಲಿ ಬನ್ನಿ. ತಮಿಳುನಾಡಿನ ನೋಂದಣಿಯ ಬೋರ್‌ವೆಲ್ ಲಾರಿಗಳು ತೋಟದೊಳಗೆ ನಿಂತಿರುತ್ತವೆ. ಬಿಟ್ಟು ಕಲ್ಲಿಗೆ ತಾಗಿದ ಕೂಡಲೇ ಬಿಳೀ ಧೂಳು ಆಳೆತ್ತರ ಚಿಮ್ಮುತ್ತೆ. ನಾವು ದೂರ ನಿಂತು ನೀರು ಬರಲಿ ಅಂತ ದೇವರಿಗೆ ಹರಕೆ ಹೊರ್ತಿರ್ತೀವಿ. ಆ ಧೂಳಿನ ಒಳಗೇ ಪೈಪು ಜೋಡಿಸ್ತಾ ಜಾರ್ಖಂಡ್, ಛತ್ತೀಸ್‌ಗಢದ ಹುಡುಗರು ನಿಂತಿರ್ತಾರೆ, ಮುಖಕ್ಕೊಂದು ಟವಲ್ ಸುತ್ತಿಕೊಂಡು. ಅದೂ ಸಿಲಿಕಾನೇ. ಹೆದ್ದಾರಿ ಪಕ್ಕದ ಜಲ್ಲಿ ಕ್ರಷರ್‌ಗಳಲ್ಲೂ ಅದೇ. ಡ್ರಿಲ್ಲಿಗೆ ನೀರು ಹಾಯಿಸಿದರೆ ಧೂಳು ಬಹಳಷ್ಟು ಅಡಗುತ್ತೆ ಅನ್ನೋದು ಗಣಿಯವರಿಗೆ ನೂರು ವರ್ಷದಿಂದ ಗೊತ್ತಿರೋ ವಿದ್ಯೆ.

ರಾಜಸ್ಥಾನ 2019ರಲ್ಲಿ ಧೂಳಿನ ಕಾಯಿಲೆಗಳಿಗೆ ಅಂತಲೇ ಒಂದು ನೀತಿ ತಂದಿತು. ಯಾವ ಮಾಲೀಕನ ಹತ್ತಿರ ದುಡಿದೆ ಅನ್ನೋ ಚೀಟಿ ತೋರಿಸೋಕೆ ಆಗದ ಕಲ್ಲು ಕೆಲಸಗಾರನಿಗೂ, ಎದೆಯಲ್ಲಿ ಸಿಲಿಕೋಸಿಸ್ ಇದೆ ಅಂತ ವೈದ್ಯರು ಬರೆದರೆ ಸರ್ಕಾರವೇ ನೆರವು ಕೊಡುತ್ತೆ. ಅಲ್ಲಿ ಪಟ್ಟಿಗೆ ಸೇರೋಕೆ ಬೇಕಾದ್ದು ಮಸ್ಟರ್ ರೋಲ್ ಅಲ್ಲ, ಎಕ್ಸ್‌ರೇ. ಈ ಕಾಯಿಲೆಯನ್ನ ದೇಶದಲ್ಲೇ ಮೊದಲು ಕಂಡ ರಾಜ್ಯ ನಮ್ಮದು. ನಮ್ಮ ತಾಲೂಕು ಆಸ್ಪತ್ರೆಗೆ ಕೆಮ್ಮುತ್ತಾ ಬಂದ ಮನುಷ್ಯನಿಗೆ "ಎಷ್ಟು ದಿನದಿಂದ ಕೆಮ್ಮು" ಅಂತ ಕೇಳೋ ಜೊತೆಗೆ "ಏನು ಕೆಲಸ ಮಾಡ್ತಿದ್ದೆ" ಅಂತಲೂ ಕೇಳಿ ಬರೆದುಕೊಳ್ಳೋಕೆ ಚೀಟಿಯಲ್ಲಿ ಒಂದು ಸಾಲಿನ ಜಾಗ ಸಾಕು.