ಧಾನ್ಯದ ಬೀಗದಕೈ ಯಾರ ಕೈಯಲ್ಲಿ?

ಕಳೆದ ಶುಕ್ರವಾರದ ಖುತ್ಬಾದಲ್ಲಿ ಹಝರತ್ ಸುಮಾಮಃ ಬಿನ್ ಉಸಾಲ್(ರ) ಅವರ ಘಟನೆಯನ್ನು ಹೇಳಿದ್ದೆವು. ಸಮಯ ಸಾಲದೆ ಬಿಟ್ಟ ನಮ್ಮ ಊರಿನ ಇತಿಹಾಸವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಸುಮಾಮಃ ಯಮಾಮದ ಬನೂ ಹನೀಫಾ ಗೋತ್ರದ ಸರದಾರರು. ಮಕ್ಕಾಗೆ ಧಾನ್ಯ ಹೋಗುತ್ತಿದ್ದುದು ಆ ಸೀಮೆಯಿಂದ. ಸೆರೆಯಾಗಿ ಮದೀನಾದ ಮಸೀದಿಯ ಕಂಬಕ್ಕೆ ಕಟ್ಟಿಸಿಕೊಂಡಿದ್ದ ಅವರನ್ನು ಪ್ರವಾದಿ(ಸ) ಮೂರನೆಯ ದಿನ ಯಾವ ಷರತ್ತೂ ಇಲ್ಲದೆ ಬಿಡಿಸಿದರು. ಅವರು ಇಸ್ಲಾಮ್ ಸ್ವೀಕರಿಸಿದರು. ಬಳಿಕ ಮಕ್ಕಾಗೆ ಹೋದಾಗ ಕುರೈಶರು ಹಂಗಿಸಿದ್ದಕ್ಕೆ, ಪ್ರವಾದಿಯವರ(ಸ) ಅಪ್ಪಣೆಯಿಲ್ಲದೆ ಇನ್ನು ನಿಮಗೆ ಒಂದು ಕಾಳೂ ಬರದು ಎಂದರು; ಹಾಗೆಯೇ ಮಾಡಿದರು. ಮಕ್ಕಾದಲ್ಲಿ ಹಸಿವು ಕಾಲಿಟ್ಟಿತು.

ಇದೇ ಕುರೈಶರು ಹಿಂದೆ ಬನೂ ಹಾಶಿಮರನ್ನು ಶಿಅಬೆ ಅಬೀ ತಾಲಿಬ್ ಕಣಿವೆಯಲ್ಲಿ ಸುಮಾರು ಮೂರು ವರ್ಷ ಬಹಿಷ್ಕರಿಸಿ, ಎಲೆ ತಿಂದು ಬದುಕುವಂತೆ ಮಾಡಿದವರು. ಸೇಡಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತೇ? ಆದರೆ ಮಕ್ಕಾದವರು ಬಂಧುತ್ವ ನೆನಪಿಸಿ ಪತ್ರ ಬರೆದಾಗ, ಧಾನ್ಯವನ್ನು ತಡೆಯಬೇಡಿ ಎಂದು ಪ್ರವಾದಿ(ಸ) ಸುಮಾಮಃ ಅವರಿಗೆ ಬರೆಸಿದರು. ಮಕ್ಕಾ ಆಗಿನ್ನೂ ಶತ್ರುಗಳ ಕೈಯಲ್ಲಿತ್ತು ಎಂಬುದನ್ನು ಗಮನಿಸಿ.

ಈಗ ಬಂಗಾರಪೇಟೆಗೆ ಬರೋಣ. ಇದರ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಅದು. 1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ರೈಲು ಬಂದಾಗ ಹಳಿ ಹಾದುಹೋದದ್ದು ಇಲ್ಲಿಂದಲೇ. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ಬಂತು. ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ರೈಲು ಇತ್ತು, ಮದ್ರಾಸಿನ ಬಂದರು ದೂರವಿರಲಿಲ್ಲ, ಆದರೂ ಕೋಲಾರದ ಕಡೆ ಜನ ಹುಳುಗಳಂತೆ ಸತ್ತರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಘೋಷಿಸುವ ದರ್ಬಾರು ನಡೆಯಿತು. ಅದೇ ತಿಂಗಳು ವೈಸರಾಯ್ ಲಿಟನ್ ಕಳಿಸಿದ ರಿಚರ್ಡ್ ಟೆಂಪಲ್, ಮದ್ರಾಸಿನ ಬರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಸಾಕೆಂದರು. ಅಂದರೆ ಅರ್ಧ ಕಿಲೋಗೂ ಕಡಿಮೆ. ಕಲ್ಲು ಒಡೆಯುವವನಿಗೆ ಇದು ಸಾಲದೆಂದು ಸರ್ಕಾರದ ಡಾಕ್ಟರ್ ಕಾರ್ನಿಷ್ ಅವರೇ ವಾದಿಸಬೇಕಾಯಿತು.

1880ರಿಂದ ಜಾನ್ ಟೇಲರ್ ಕಂಪನಿ ಕೆಜಿಎಫ್‌ನಲ್ಲಿ ಗಣಿ ತೋಡಿದಾಗ ಕೂಲಿಗೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ ಕಡೆಯವರು. ಅವೂ ಅದೇ ಬರದಲ್ಲಿ ಬೆಂದ ಜಿಲ್ಲೆಗಳು.

ಸ್ವಾತಂತ್ರ್ಯ ಬಂದ ಮೇಲೆ ಬೀಗದಕೈ ನಮ್ಮ ಕೈಗೆ ಬಂತೇ? ಪೂರ್ತಿ ಬರಲಿಲ್ಲ. 1956ರಲ್ಲಿ ಭಾರತ ಅಮೆರಿಕದೊಂದಿಗೆ ಪಿ.ಎಲ್. 480 ಒಪ್ಪಂದ ಮಾಡಿಕೊಂಡಿತು. ಗೋಧಿಗೆ ರೂಪಾಯಿಯಲ್ಲೇ ಹಣ ಕೊಡಬಹುದು, ಡಾಲರ್ ಬೇಡ. ಸುಲಭವಾಗಿತ್ತು. 1965, 66ರಲ್ಲಿ ಎರಡು ವರ್ಷ ಮಳೆ ಕೈಕೊಟ್ಟಾಗ ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಬಿಡತೊಡಗಿದರು. ನಮ್ಮ ಕೃಷಿ ನೀತಿ ಬದಲಾಗಬೇಕೆಂಬ ಒತ್ತಡ ಒಂದು ಕಡೆ, ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿತೆಂಬ ಸಿಟ್ಟು ಇನ್ನೊಂದು ಕಡೆ. ಒಂದು ಹೊತ್ತಿನ ಊಟ ಬಿಡಿ ಎಂದು ಶಾಸ್ತ್ರೀಜಿ ದೇಶವನ್ನು ಕೇಳಿಕೊಂಡದ್ದು ಆ ಕಾಲದಲ್ಲಿ.

ಅಮೆರಿಕದ ಧಾನ್ಯ ತಿಂದು ಬದುಕಿದವರನ್ನು ನಾವು ಹಗುರಾಗಿ ಕಾಣುವುದಿಲ್ಲ. ಶಾಲೆಯಲ್ಲಿ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು, ಹಾಲಿನ ಪುಡಿ ಉಂಡು ಬೆಳೆದ ಹಿರಿಯರು ಇಂದಿಗೂ ನಮ್ಮ ಮೊದಲ ಸಫ್‌ನಲ್ಲಿ ನಿಲ್ಲುತ್ತಾರೆ. ಆ ಉಪ್ಪಿಟ್ಟಿನ ಮಾತೆತ್ತಿದರೆ ಅವರ ಮುಖ ಅರಳುತ್ತದೆ. ಅನ್ನ ಅನ್ನವೇ. ನಮ್ಮ ತಕರಾರು ಅದನ್ನು ತಡೆಯುವ ಕೈಯ ಮೇಲೆ.

1974ರಲ್ಲಿ ಹೊಸದಾಗಿ ಹುಟ್ಟಿದ ಬಾಂಗ್ಲಾದೇಶ ಕ್ಯೂಬಾಗೆ ಸೆಣಬಿನ ಚೀಲ ಮಾರಿತೆಂದು ಅಮೆರಿಕ ಆಹಾರದ ನೆರವನ್ನು ತಡೆಹಿಡಿಯಿತು. ಅದೇ ವರ್ಷ ಅಲ್ಲಿ ನೆರೆ, ಕ್ಷಾಮ. 2025ರ ಮಾರ್ಚ್‌ನಲ್ಲಿ ಇಸ್ರೇಲ್ ಗಾಝಾಗೆ ಹೋಗುವ ಆಹಾರವನ್ನೆಲ್ಲ ನಿಲ್ಲಿಸಿತು. ಆಗಸ್ಟ್‌ನಲ್ಲಿ ಅಲ್ಲಿ ಕ್ಷಾಮವಿದೆಯೆಂದು ವಿಶ್ವಸಂಸ್ಥೆಯ ಬೆಂಬಲವಿರುವ ತಜ್ಞರೇ ಘೋಷಿಸಿದರು. ಸುಮಾಮಃ(ರ) ಅವರಿಗೆ ಹೋದಂಥ ಪತ್ರ ಬರೆಯುವವರು ಯಾರೂ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಬೇರೆಯವರನ್ನು ದೂರಿದಂತಾಗುತ್ತದೆ. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ಆ ರೈಲೂ ನಿಂತಿತು. ನಮ್ಮ ಜಮಾಅತ್ ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹಂಚಿತು. ಪಟ್ಟಿ ಬರೆದವರು ನಾವೇ. ಕೈಗೆ ಸಿಕ್ಕ ಚಂದಾ ಪುಸ್ತಕ ನೋಡಿ ಬರೆದೆವು. ಕಮಿಟಿಯೊಂದಿಗೆ ಮನಸ್ತಾಪವಾಗಿ ಎರಡು ವರ್ಷದಿಂದ ಚಂದಾ ಕೊಡದ ಮನೆಯೊಂದಿತ್ತು. ಅಲ್ಲಿದ್ದದ್ದು ಒಬ್ಬ ವಿಧವೆ, ಇಬ್ಬರು ಮಕ್ಕಳು. ದೊಡ್ಡ ಹುಡುಗ ಸಾಲಿನ ಕೊನೆಯಲ್ಲಿ ನಿಂತು, ಹೆಸರು ಕೂಗದೆ ಹಿಂದಿರುಗಿದ್ದನ್ನು ಕಣ್ಣಾರೆ ಕಂಡೆವು.

ಅಂದು ಇಶಾ ನಮಾಝಿನ ಬಳಿಕ ನಮ್ಮ ಮನೆಯ ಅಕ್ಕಿಯನ್ನೇ ಕೊಂಡುಹೋದೆವು. ಆಕೆ ತೆಗೆದುಕೊಂಡು, ಬಾಗಿಲ ಮರೆಯಿಂದ ಒಂದೇ ಮಾತು ಕೇಳಿದರು: "ಹಝರತ್, ಇದನ್ನು ಬಾಕಿ ಚಂದಾದ ಜೊತೆ ಬರೆದುಕೊಳ್ಳುತ್ತೀರಾ?"

ಅಂದಿನಿಂದ ಪಟ್ಟಿಗೆ ಚಂದಾ ಪುಸ್ತಕ ಮುಟ್ಟುವುದಿಲ್ಲ. ಗಲ್ಲಿಗೆ ಇಬ್ಬರು ಹೆಂಗಸರು ಒಲೆ ನೋಡಿ ಹೆಸರು ಬರೆಯುತ್ತಾರೆ. ಸದಕಾದ ಪಟ್ಟಿಯಲ್ಲಿ ಪಕ್ಕದ ತಮಿಳು ಸಾಲಿನ ಮನೆಗಳೂ ಇವೆ. ಹಂಚುವಾಗ ಹೆಸರು ಕೂಗುವುದಿಲ್ಲ, ಫೋಟೋ ತೆಗೆಯುವುದಿಲ್ಲ. ರಾತ್ರಿ ಮನೆ ಬಾಗಿಲಿಗೆ ಹೋಗುತ್ತದೆ. ಕಮಿಟಿಯ ಕೆಲವರಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ.